ವಾರ್ಷಿಕೋತ್ಸವದಲ್ಲಿ ಯಾವ ಮಕ್ಕಳನ್ನು ವೇದಿಕೆಗೆ ಕರೆಯಬೇಕು? ನಿಮ್ಮ ಶಾಲೆಯಲ್ಲಿ ಹೇಗೆ ಮಾಡ್ತೀರಿ?

ಪ್ರಶ್ನೆ: ಕಾಫಿಹೂವು, ಕೊಡಗಿನ ಸಿದ್ದಾಪುರ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ನಾನು ಎರಡು ವರ್ಷದಿಂದ ಸದಸ್ಯೆ. ನಾನೂ ಅದೇ ಶಾಲೆಯಲ್ಲಿ ಓದಿದವಳು, ಈಗ ಮಗಳು ಅಲ್ಲೇ ಒಂಬತ್ತನೇ ಕ್ಲಾಸು. ಈ ಸಲದ ವಾರ್ಷಿಕೋತ್ಸವದ ಕೆಲಸ ನಾವು ನಾಲ್ಕು ಜನ ತಾಯಂದಿರ ಕೈಗೆ ಬಂದಿದೆ. "ಸನ್ಮಾನಕ್ಕೆ ಯಾರ್ಯಾರು ಅಂತ ನೀವೇ ಒಂದು ಪಟ್ಟಿ ಮಾಡಿ ತನ್ನಿ, ಕೂತು ನೋಡೋಣ" ಎಂದು ಹೆಡ್‌ಮಾಸ್ಟರು ಹೇಳಿದ್ದಾರೆ. ಪಟ್ಟಿ ಮಾಡಲು ಕೂತರೆ ಹೋದ ವರ್ಷದ್ದೇ ಕಣ್ಣ ಮುಂದೆ ಬರುತ್ತದೆ. ಅದನ್ನು ಹೇಳದೆ ಪ್ರಶ್ನೆ ಕೇಳಿದರೆ ಅರ್ಥವಾಗಲಿಕ್ಕಿಲ್ಲ, ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಹೋದ ವರ್ಷ ಕಾರ್ಯಕ್ರಮ ಇಟ್ಟದ್ದು ಜನವರಿ ಎರಡನೇ ವಾರದ ಗುರುವಾರ, ಬೆಳಿಗ್ಗೆ ಹತ್ತಕ್ಕೆ. ಅರೇಬಿಕಾ ಮುಗಿಯುತ್ತಾ ಬಂದು ರೊಬಸ್ಟಾ ಕೊಯ್ಲು ಶುರುವಾಗುವ ಹೊತ್ತು. ನಮ್ಮ ಶಾಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆ ತೋಟದ ಲೈನ್‌ಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇಲ್ಲವೇ ಬುಡಕಟ್ಟಿನವರ ಹಾಡಿಗಳಲ್ಲಿ. ಆ ದಿನಗಳಲ್ಲಿ ಕೊಯ್ದ ಹಣ್ಣಿನ ತೂಕದ ಮೇಲೆ ಕೂಲಿ. ಒಂದು ದಿನ ಬಿಟ್ಟರೆ ಆ ವಾರದ ಸಂತೆಗೇ ಕತ್ತರಿ. ಹಾಗಾಗಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ನಮ್ಮಂತಹ ಇಪ್ಪತ್ತು ಮೂವತ್ತು ಜನ ಕೂತಿದ್ದೆವು, ಹಿಂದೆ ಎಲ್ಲ ಖಾಲಿ.

ಮುಖ್ಯ ಅತಿಥಿಗಳು ಬರುವಾಗ ಹನ್ನೆರಡೂವರೆ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ಗೆಂದು ಎಂಟು ಗಂಟೆಗೇ ಕೊಡವ ಸೀರೆ ಉಟ್ಟು ತಯಾರಾಗಿದ್ದ ಹುಡುಗಿಯರು ತಾಳ ಹಿಡಿದುಕೊಂಡು ಹಿಂದಿನ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಬಟ್ಟೆ ಕೊಳೆಯಾಗುತ್ತದೆಂದು ತಿಂಡಿಯನ್ನೂ ತಿಂದಿರಲಿಲ್ಲ. ಆಮೇಲೆ ಎಲ್ಲವೂ ಓಡಿಸಿಕೊಂಡು ಹೋದಂತೆ ಆಯಿತು. ಬಹುಮಾನ ಕೊಡುವಾಗ ಹೆಸರು ಕರೆದರು, ಮಗು ಬಂತು, ಕೈ ಕುಲುಕಿದರು, ಫೋಟೋ, ಮುಂದಿನವರು. ಯಾವ ಮಗು ಯಾಕೆ ಬಂತು ಎಂದು ಯಾರಿಗೂ ತಿಳಿಯಲಿಲ್ಲ.

ಬಹುಮಾನಗಳನ್ನು ಎತ್ತಿಕೊಡಲು ನಾನು ವೇದಿಕೆಯ ಪಕ್ಕ ನಿಂತಿದ್ದೆ. ಆಚೆ ಸಿಲ್ವರ್ ಓಕ್ ಮರದ ಬುಡದಲ್ಲಿ ಒಬ್ಬ ಹುಡುಗಿ ತಾಯಿಯ ಜೊತೆ ನಿಂತಿದ್ದಳು. ಹಿಂದಿನ ವರ್ಷ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು, ಕಾಲೇಜಿನ ಯೂನಿಫಾರ್ಮಿನಲ್ಲೇ ಬಂದಿದ್ದಳು. ಎರವ ಬುಡಕಟ್ಟಿನವರ ಹಾಡಿಯವಳು. ಆ ಹಾಡಿಯಿಂದ ಹತ್ತನೇ ಕ್ಲಾಸು ದಾಟಿದ ಮೊದಲ ಹುಡುಗಿ ಅವಳೇ. ಕ್ಲಾಸ್ ಟೀಚರು ಪ್ರೀತಿಯಿಂದ "ಬಾ" ಎಂದಿದ್ದರು, ಅಷ್ಟಕ್ಕೇ ಬಂದಿದ್ದಳು. ಅವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿ ಮಾಡಿದ್ದು "ಪರೀಕ್ಷೆ-1ರಲ್ಲಿ ಶೇಕಡ 85ಕ್ಕಿಂತ ಹೆಚ್ಚು" ಎಂಬ ಲೆಕ್ಕದಲ್ಲಿ. ಇವಳಿಗೆ ಗಣಿತ ಮೊದಲ ಸಲ ಹೋಗಿತ್ತು, ಪರೀಕ್ಷೆ-2ರಲ್ಲಿ ಪಾಸಾಗಿದ್ದಳು.

ವಂದನಾರ್ಪಣೆ ಆಗಿ ಜನ ಎದ್ದರು. ಅವಳ ತಾಯಿ ನನ್ನ ಹತ್ತಿರ ಬಂದು "ಮುಗೀತಾ ಅಕ್ಕಾ?" ಎಂದು ಕೇಳಿದರು. ಅವರ ಹತ್ತೂ ಬೆರಳು ಕಾಫಿ ಹಣ್ಣಿನ ಕರೆ ಹಿಡಿದು ಕಪ್ಪಾಗಿದ್ದವು. ಸೋಪು ಹಾಕಿ ತಿಕ್ಕಿ ಬಂದಿದ್ದರೆಂದು ಕಾಣುತ್ತಿತ್ತು, ಉಗುರಿನ ಸುತ್ತ ಚರ್ಮ ಕೆಂಪಾಗಿತ್ತು. "ಹೂಂ, ಮುಗೀತು" ಎಂದೆ. ನನ್ನ ಬಾಯಿಂದ ಬೇರೆ ಮಾತು ಬರಲಿಲ್ಲ.

ಆಮೇಲೆ ಒಂದು ದಿನ ಕ್ಲಾಸ್ ಟೀಚರ ಹತ್ತಿರ ಕೂತು ಹಾಜರಿ ಪುಸ್ತಕ ನೋಡಿದೆ. ಇಡೀ ಹತ್ತನೇ ಕ್ಲಾಸಿನಲ್ಲಿ ಅವಳು ತಪ್ಪಿಸಿದ್ದು ಒಂಬತ್ತೇ ದಿನ. ಅದರಲ್ಲಿ ಐದು ದಿನ ಹಾಡಿಯ ದಾರಿಯಲ್ಲಿ ಆನೆ ಇತ್ತು. ಹಾಡಿಯಿಂದ ಬಸ್ಸು ನಿಲ್ಲುವ ಜಾಗಕ್ಕೆ ತೋಟದೊಳಗೇ ಎರಡೂವರೆ ಕಿಲೋಮೀಟರ್ ನಡೆಯಬೇಕು. ಕೊಡಗಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಪ್ರಶ್ನೆ ಇಷ್ಟು. ಅಂಕ, ಹಾಕಿ, ಪ್ರತಿಭಾ ಕಾರಂಜಿ, ಇವುಗಳಲ್ಲಿ ಗೆದ್ದ ಮಕ್ಕಳನ್ನು ಕರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಇಂತಹ ಮಗುವನ್ನು ಯಾವ ಹೆಸರಿನಲ್ಲಿ ಕರೆಯುವುದು? "ಸಮಾಧಾನಕರ ಬಹುಮಾನ" ಎಂದು ಕೊಟ್ಟರೆ ಅವಳಿಗೆ ಅವಮಾನ ಮಾಡಿದಂತೆ. ಎರಡನೆಯದು, ಕೊಯ್ಲಿನ ಕಾಲದಲ್ಲಿ ಲೈನಿನ ತಂದೆ ತಾಯಿಯರು ಬರುವಂತೆ ಕಾರ್ಯಕ್ರಮ ಯಾವಾಗ ಇಡುವುದು? ಸಂಜೆ ಇಟ್ಟರೆ ಕತ್ತಲಾದ ಮೇಲೆ ಆನೆ ಭಯ. ಭಾನುವಾರ ಸಂತೆ. ನಿಮ್ಮ ಶಾಲೆಗಳಲ್ಲಿ ಏನು ಮಾಡುತ್ತೀರಿ, ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಕನ್ನಡ ಮೇಷ್ಟ್ರು, ಪೊನ್ನಂಪೇಟೆ

ತಂಗೀ, ನಿಮ್ಮ ಪತ್ರ ಓದಿ ನನಗೆ ನಮ್ಮ ಶಾಲೆಯೇ ನೆನಪಾಯಿತು. ಮೂವತ್ತೊಂದು ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದ್ದೇನೆ. ಕೊನೆಯ ಆರು ವರ್ಷ ವಾರ್ಷಿಕೋತ್ಸವದ ನಿರೂಪಣೆ ನನ್ನದೇ. ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಮೊದಲು ದಿನದ ವಿಚಾರ. ಜನವರಿ 26ಕ್ಕೆ ಇಡಿ. ಅಂದು ತೋಟಗಳಿಗೆ ರಜೆ, ಕೂಲಿ ಕಡಿತವಿಲ್ಲ. ಬೆಳಿಗ್ಗೆ ಧ್ವಜಾರೋಹಣಕ್ಕೆ ಮಕ್ಕಳು ಹೇಗೂ ಬರುತ್ತಾರೆ, ತಂದೆ ತಾಯಿಯೂ ಜೊತೆಯಲ್ಲೇ ಬರಲಿ. ಒಂಬತ್ತೂವರೆಗೆ ಶುರು ಮಾಡಿದರೆ ಒಂದಕ್ಕೆ ಊಟ, ಮೂರಕ್ಕೆಲ್ಲ ಮನೆ. ಜನವರಿಯಲ್ಲಿ ಮಳೆಯ ಭಯವೂ ಇಲ್ಲ. ನವೆಂಬರ್ 1 ಕೂಡ ಆಗುತ್ತದೆ, ಆದರೆ ಆ ಹೊತ್ತಿಗೆ ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲ ಮುಗಿದಿರುವುದಿಲ್ಲ.

ಅತಿಥಿಗಳ ವಿಚಾರದಲ್ಲಿ ನಾವು ಒಂದು ನಿಯಮ ಮಾಡಿಕೊಂಡಿದ್ದೆವು. ಹೇಳಿದ ಹೊತ್ತಿಗೆ ಅತಿಥಿ ಬರದಿದ್ದರೆ ಮಕ್ಕಳ ಬಹುಮಾನದಿಂದಲೇ ಶುರು. ಕೊಡುವವರು ಯಾರು ಎಂದರೆ, ಆಯಾ ಮಗುವಿನ ತಾಯಿ ಅಥವಾ ತಂದೆ. ಇಂತಹ ಸಭೆಗಳಲ್ಲಿ ನಮ್ಮ ಕೊಡಗಿನವರೇ ಆಗಿ ಸೇನಾ ಮುಖ್ಯಸ್ಥರಾಗಿದ್ದ ಕಾರ್ಯಪ್ಪನವರ, ತಿಮ್ಮಯ್ಯನವರ ಹೆಸರು ಬಂದೇ ಬರುತ್ತದೆ, ಬರಲಿ. ಕಾರ್ಯಪ್ಪನವರು 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿದವರು, ಅದು ಮಕ್ಕಳಿಗೆ ಗೊತ್ತಿರಬೇಕು. ಆದರೆ ಅದೇ ಮೈಕಿನಲ್ಲಿ, ಎದುರಿಗೆ ಕೂತಿರುವ ಮಗು ಆ ವರ್ಷ ಏನು ಮಾಡಿತು ಎಂಬುದೂ ಬರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. 2018ರ ಆಗಸ್ಟಿನಲ್ಲಿ ನಾನು ಮಡಿಕೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ವರ್ಷ. ನಮ್ಮ ಹತ್ತನೇ ಕ್ಲಾಸಿನ ಒಬ್ಬ ಹುಡುಗನ ಮನೆ, ಏಲಕ್ಕಿ ತೋಟ, ಹಟ್ಟಿಯಲ್ಲಿದ್ದ ಎರಡು ಹಸು ಎಲ್ಲವೂ ಹೋದವು. ಪುಸ್ತಕವೂ ಇಲ್ಲ. ಸಂಬಂಧಿಕರ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ. ಅವನಿಗೆ ಬಂದದ್ದು ಸಾಧಾರಣ ಅಂಕ. ಮುಂದಿನ ವರ್ಷದ ವಾರ್ಷಿಕೋತ್ಸವದಲ್ಲಿ ಅವನನ್ನು ಕರೆಯಬೇಕೆಂದು ನಮಗೆಲ್ಲ ಆಸೆ, ಆದರೆ ಯಾವ ಬಹುಮಾನದ ಹೆಸರೂ ಅವನಿಗೆ ಹೊಂದುತ್ತಿರಲಿಲ್ಲ. ಕೊನೆಗೆ ಹೆಸರೇ ಇಡಲಿಲ್ಲ. ಮೈಕಿನಲ್ಲಿ ಹೀಗೆ ಓದಿದೆ: "ಆಗಸ್ಟಿನಲ್ಲಿ ಇವನ ಮನೆ ಮಣ್ಣಿನಡಿಗೆ ಹೋಯಿತು. ಶಾಲೆ ಮತ್ತೆ ತೆರೆದ ದಿನದಿಂದ ಪರೀಕ್ಷೆಯವರೆಗೆ ಇವನು ಒಂದು ದಿನವೂ ತಪ್ಪಿಸಲಿಲ್ಲ." ಅಷ್ಟೇ. ಮೈದಾನದಲ್ಲಿ ಎಲ್ಲರೂ ಎದ್ದು ನಿಂತರು, ಯಾರೂ ಹೇಳಿರಲಿಲ್ಲ.

ಅಂದಿನಿಂದ ನಾನು ಇರುವವರೆಗೂ ಎಲ್ಲ ಮಕ್ಕಳಿಗೂ ಅದೇ ಪದ್ಧತಿ. ಹೆಚ್ಚು ಅಂಕ ತೆಗೆದವರಿಗೂ, ಹಾಕಿಯವರಿಗೂ, ಎಲ್ಲರಿಗೂ ಎರಡೆರಡು ವಾಕ್ಯ. ಕ್ಲಾಸ್ ಟೀಚರು ಬರೆದು ಕೊಡಬೇಕು. "ಪ್ರತಿಭಾವಂತ", "ಚುರುಕಾದ", "ಎಲ್ಲರಿಗೂ ಮಾದರಿ" ಇಂತಹ ಪದ ಒಂದೂ ಇರಬಾರದು. ಮಗು ಏನು ಮಾಡಿತು, ಅದನ್ನು ಮಾತ್ರ ಬರೆಯಬೇಕು. ಬರೆಯುವುದು ಸುಲಭವಲ್ಲ. ಮಗುವನ್ನು ವರ್ಷವಿಡೀ ನೋಡಿರದಿದ್ದರೆ ಎರಡು ವಾಕ್ಯವೂ ಹುಟ್ಟುವುದಿಲ್ಲ. ಮೊದಲ ವರ್ಷ ಇಬ್ಬರು ಶಿಕ್ಷಕರು ನನ್ನ ಮೇಲೆ ಸಿಟ್ಟಾಗಿದ್ದರು, ಆಮೇಲೆ ಅವರೇ ಜೂನ್‌ನಿಂದ ನೋಟ್ ಪುಸ್ತಕ ಇಟ್ಟುಕೊಂಡರು.

ಪರೀಕ್ಷೆ-2ರ ಬಗ್ಗೆ ಒಂದು ಮಾತು. 2023–24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಅವುಗಳಲ್ಲಿ ಯಾವುದರಲ್ಲಿ ಹೆಚ್ಚು ಬಂದಿದೆಯೋ ಆ ಅಂಕ ಉಳಿಸಿಕೊಳ್ಳಬಹುದು. "ಫೇಲು" ಎಂಬ ಹಣೆಪಟ್ಟಿ ಬೇಡ ಎಂದೇ ಇಲಾಖೆ ಆ ವ್ಯವಸ್ಥೆ ತಂದದ್ದು. ಹಾಗಿರುವಾಗ ಶಾಲೆಯ ಪಟ್ಟಿಯಲ್ಲಿ ಪರೀಕ್ಷೆ-1 ಎಂದು ಗೆರೆ ಎಳೆಯುವುದು ಸರಿಯಲ್ಲ. ಅಪ್ರಿಲ್, ಮೇನಲ್ಲಿ ಗೆಳೆಯರೆಲ್ಲ ರಜೆಯಲ್ಲಿರುವಾಗ ಒಬ್ಬಳೇ ಕೂತು ಗಣಿತ ಮಾಡಿದ ಹುಡುಗಿಗೆ ಬೇಕಾದ ಮನಸ್ಸು ಸಣ್ಣದಲ್ಲ. ಅದನ್ನೇ ಆ ಎರಡು ವಾಕ್ಯದಲ್ಲಿ ಬರೆಯಿರಿ.

ಉತ್ತರ 2: ಅಮ್ಮತ್ತಿಯ ಒಬ್ಬ ತಂದೆ

ಮೇಷ್ಟ್ರ ಮಾತಿಗೆ ಗೌರವವಿದೆ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನನ್ನ ಮಗಳಿಗೆ 625ಕ್ಕೆ 611 ಬಂದಿತ್ತು. ನಾನು ಪಿಕಪ್ ಓಡಿಸುವವನು, ಮನೆಯಲ್ಲಿ ಟ್ಯೂಷನ್ ಗೀಷನ್ ಏನೂ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಮೂರು ದಿನ, ನಾಲ್ಕು ದಿನ. ಚಾರ್ಜಿನ ದೀಪ ಆರಿದ ಮೇಲೆ ಮೇಣದ ಬತ್ತಿಯಲ್ಲಿ ಓದಿದ್ದಾಳೆ. ಇಡೀ ಶಾಲೆಗೆ ಮೊದಲು ಬಂದವಳು ಎಂದು ಅವಳೊಬ್ಬಳನ್ನೇ ಕರೆದು ನಿಲ್ಲಿಸಿದ ಆ ಒಂದು ನಿಮಿಷಕ್ಕೆ ಅವಳು ವರ್ಷವಿಡೀ ಕಾದಿದ್ದಳು. ಐವತ್ತು ಮಕ್ಕಳನ್ನು ಕರೆದು ಐವತ್ತು ಜನಕ್ಕೂ ಅದೇ ಶಾಲು, ಅದೇ ಹಾರ ಎಂದರೆ ಆ ನಿಮಿಷ ಉಳಿಯುತ್ತದಾ? ಹಾಡಿಯ ಹುಡುಗಿಯನ್ನು ಕರೆಯಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಮೊದಲು ಬಂದವರ ಜಾಗ ಮೊದಲಿನಂತೆಯೇ ಇರಲಿ ಎನ್ನುವುದು ನನ್ನ ಕೋರಿಕೆ.

ಇನ್ನೊಂದು, ದತ್ತಿ ಬಹುಮಾನಗಳ ವಿಷಯ. ಊರಿನ ಮನೆಯವರು ಅಜ್ಜ, ಅಜ್ಜಿಯರ ಹೆಸರಿನಲ್ಲಿ "ಅತಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿಗೆ" ಎಂದು ಬರೆದು ಬ್ಯಾಂಕಿನಲ್ಲಿ ಹಣ ಇಟ್ಟಿರುತ್ತಾರೆ. ಅದನ್ನು ಬೇರೆಯವರಿಗೆ ಕೊಡಲು ಬರುವುದಿಲ್ಲ.

ಉತ್ತರ 3: ಪಿಟಿ ಮೇಷ್ಟ್ರು, ಸೋಮವಾರಪೇಟೆ

ಅಣ್ಣ ಹೇಳಿದ್ದರಲ್ಲಿ ನ್ಯಾಯವಿದೆ. ಮೊದಲು ಬಂದವರನ್ನು ಮೊದಲು ಬಂದವರೆಂದೇ ಕರೆಯಬೇಕು. ನಾನು ಮೈದಾನದ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ.

ನಮ್ಮ ತಾಲ್ಲೂಕಿನಿಂದ ಎಸ್.ವಿ. ಸುನಿಲ್ ಹಾಕಿಯಲ್ಲಿ 2012, 2016ರ ಎರಡು ಒಲಿಂಪಿಕ್ಸ್ ಆಡಿದರು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು. ಹಾಗಾಗಿ ಕೊಡಗಿನ ಶಾಲೆಗಳಲ್ಲಿ ಹಾಕಿಯ ಮಕ್ಕಳಿಗೆ ಸನ್ಮಾನ ತಪ್ಪುವುದಿಲ್ಲ. ತಪ್ಪುವುದು ಯಾರಿಗೆ ಗೊತ್ತಾ? ಗೋಲು ಹೊಡೆಯದವರಿಗೆ. ಎರಡು ವರ್ಷದ ಹಿಂದೆ ನಮ್ಮ ಹುಡುಗಿಯರ ತಂಡ ಜಿಲ್ಲಾ ಮಟ್ಟಕ್ಕೆ ಹೋಗಿತ್ತು. ವೇದಿಕೆಗೆ ಕರೆದದ್ದು ಕ್ಯಾಪ್ಟನ್ ಮತ್ತು ಹೆಚ್ಚು ಗೋಲು ಹೊಡೆದ ಹುಡುಗಿ, ಇಬ್ಬರನ್ನು. ನಮ್ಮ ಗೋಲ್‌ಕೀಪರು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಶಾಲೆಯಲ್ಲಿ ಇರುವುದು ಒಂದೇ ಜೊತೆ ಪ್ಯಾಡು, ಅದೂ ದೊಡ್ಡ ಹುಡುಗರ ಅಳತೆಯದ್ದು. ಆಕೆ ಬೆಲ್ಟಿನ ಕೆಳಗೆ ಹಳೇ ಟವೆಲ್ ಸುತ್ತಿಕೊಂಡು, ಜಾರದಂತೆ ಸೈಕಲ್ ಟ್ಯೂಬಿನ ತುಂಡು ಕಟ್ಟಿಕೊಂಡು ಆಡುತ್ತಿದ್ದಳು. ಸೆಮಿಫೈನಲ್ಲಿನ ಪೆನಾಲ್ಟಿ ಶೂಟೌಟಿನಲ್ಲಿ ಮೂರು ತಡೆದಿದ್ದಾಳೆ. ಅದು ವರದಿಯಲ್ಲಿ ಎಲ್ಲೂ ಬರಲಿಲ್ಲ, ಸ್ಕೋರು ಮಾತ್ರ ಬಂತು. ವರದಿ ಬರೆದವನು ನಾನೇ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಈಗ ನಾನು ತಂಡವನ್ನು ತಂಡವಾಗಿಯೇ ಹತ್ತಿಸುತ್ತೇನೆ. ಬದಲಿ ಆಟಗಾರರೂ ಬರುತ್ತಾರೆ, ನೀರು ಹೊರುವ ಎಂಟನೇ ಕ್ಲಾಸಿನವನೂ ಬರುತ್ತಾನೆ. ಕೊಡವ ಮನೆತನಗಳು ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ ಹಬ್ಬವನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆಯವರು ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಆಡಿ ಗಿನ್ನೆಸ್ ದಾಖಲೆಗೂ ಸೇರಿತು. ಅಲ್ಲಿ ಕಪ್ ಒಬ್ಬರಿಗೇ. ಆದರೂ ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ಜರ್ಸಿಯಲ್ಲಿ ಇಳಿಯುತ್ತಾರೆ, ಮೊದಲ ದಿನವೇ ಸೋತು ಹೋದ ಮನೆಯವರು ಫೈನಲ್ಲಿಗೂ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಾರೆ. ಇದು ನಮ್ಮಲ್ಲಿ ಮೊದಲೇ ಇರುವ ರೂಢಿ, ಶಾಲೆಗೆ ತರಲು ಕಷ್ಟವೇನಲ್ಲ.

ಉತ್ತರ 4: ತೋಟದ ರೈಟರ್ (ಲೆಕ್ಕ ಬರೆಯುವವನು), ಸುಂಟಿಕೊಪ್ಪ

ಅಕ್ಕಾ, ಜನವರಿ 26 ಒಳ್ಳೆಯ ದಿನ. ಒಂದು ಸಲಹೆ. ಆಹ್ವಾನ ಪತ್ರಿಕೆಯನ್ನು ಮಗುವಿನ ಬ್ಯಾಗಿನಲ್ಲಿ ಕಳಿಸಿದರೆ ಸಾಲದು. ಲೈನಿನಲ್ಲಿ ಓದು ಬರದವರು ಬಹಳ ಜನ. ಓದಿ ಹೇಳಿದರೂ "ನಮ್ಮನ್ನಲ್ಲ, ದೊಡ್ಡವರನ್ನು ಕರೆದದ್ದು" ಎಂದುಕೊಳ್ಳುತ್ತಾರೆ. ಸಂಜೆ ಹಣ್ಣು ತೂಕ ಹಾಕುವಾಗ ಎಲ್ಲರೂ ಒಂದೇ ಕಡೆ ಸೇರಿರುತ್ತಾರೆ. ಆ ಹೊತ್ತಿಗೆ ಶಾಲೆಯಿಂದ ಯಾರಾದರೂ ಬಂದು ಬಾಯಲ್ಲೇ ಹೇಳಬೇಕು. ನಮ್ಮ ತೋಟಕ್ಕೆ ಕಳೆದ ಸಲ ಹೆಡ್‌ಮಿಸ್ಟ್ರೆಸ್ ಬಂದಿದ್ದರು, ತಕ್ಕಡಿಯ ಪಕ್ಕ ನಿಂತು ಹೆಸರು ಹಿಡಿದು ಕರೆದರು. ಮರುದಿನ ಹದಿನಾರು ಮನೆಯವರು ಹೋದರು. ವಾಪಸು ಬಿಡಲು ತೋಟದ ಟ್ರ್ಯಾಕ್ಟರ್ ಕಳಿಸಲು ಮಾಲೀಕರನ್ನು ನಾನೇ ಕೇಳಿದೆ, ಒಪ್ಪಿದರು. ನೀವೂ ನಿಮ್ಮ ಕಡೆಯ ರೈಟರುಗಳನ್ನು ಕೇಳಿ. ಅವತ್ತು ಬೆಳಿಗ್ಗೆ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರನ್ನೂ ಒಮ್ಮೆ ವಿಚಾರಿಸಿಕೊಳ್ಳಿ.

ಅಸ್ಸಾಂ ಕಡೆಯಿಂದ ಬಂದವರ ಮಕ್ಕಳನ್ನೂ ಮರೆಯಬೇಡಿ. ನಮ್ಮ ಲೈನಿನ ಒಬ್ಬ ಹುಡುಗ ಆರನೇ ಕ್ಲಾಸಿಗೆ ಬಂದಾಗ ಕನ್ನಡದ ಒಂದು ಅಕ್ಷರ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಪ್ರತಿಭಾ ಕಾರಂಜಿಯ ಕನ್ನಡ ಕಂಠಪಾಠದಲ್ಲಿ ಕ್ಲಸ್ಟರಿಗೇ ಮೊದಲು ಬಂದ. ಕೊಯ್ಲು ಮುಗಿದು ಮಾರ್ಚ್‌ನಲ್ಲಿ ಅವರು ಊರಿಗೆ ಹೊರಟುಹೋದರು. ಶಾಲೆಯ ಕಾರ್ಯಕ್ರಮ ಆ ವರ್ಷ ಮುಂದಕ್ಕೆ ಹೋಗಿತ್ತು, ಅವನ ಸರ್ಟಿಫಿಕೇಟು ಈಗಲೂ ನನ್ನ ಆಫೀಸಿನ ಬೀರುವಿನಲ್ಲಿದೆ. ಆ ಕಾರಣಕ್ಕೂ ಜನವರಿ ದಾಟಿಸಬೇಡಿ.

ಇನ್ನೊಂದು, ಜನ ಸೇರಿದಾಗಲೇ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ವಿಷಯ ಹೇಳಿಸಿ. ಎಂಟನೇ ಕ್ಲಾಸಿನಲ್ಲಿ ಬರೆಯುವ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗಿದ್ದರೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000. ಪ್ರತಿ ವರ್ಷ ಪೋರ್ಟಲ್ಲಿನಲ್ಲಿ ನವೀಕರಣ ಮಾಡಿಸಬೇಕು, ಅಲ್ಲೇ ಬಹಳ ಮಕ್ಕಳದ್ದು ನಿಂತುಹೋಗುವುದು. ಆಯ್ಕೆಯಾದ ಮಗುವನ್ನು ವೇದಿಕೆಗೆ ಕರೆದು ಇಷ್ಟನ್ನು ಅಲ್ಲೇ ಹೇಳಿದರೆ ಮುಂದಿನ ವರ್ಷ ಇನ್ನೂ ನಾಲ್ಕು ಮನೆಯವರು ಅರ್ಜಿ ಹಾಕುತ್ತಾರೆ.

ಪ್ರಶ್ನೆ ಕೇಳಿದವರಿಂದ: ಕಾಫಿಹೂವು

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ದಿನ ಉತ್ತರ ಬರೆಯದೇ ಇದ್ದದ್ದು ಓಡಾಟದಲ್ಲಿ.

ಮೇಷ್ಟ್ರೇ, ನಿಮ್ಮ ಬರಹವನ್ನು ಮೀಟಿಂಗಿನಲ್ಲಿ ಮೊಬೈಲಿನಿಂದಲೇ ಓದಿದೆ. ಮಕ್ಕಂದೂರಿನ ಕಡೆಯ ಹುಡುಗನ ಭಾಗಕ್ಕೆ ಬಂದಾಗ ನಮ್ಮ ಗಣಿತದ ಟೀಚರು ಕಣ್ಣೊರೆಸಿಕೊಂಡರು. 2018ರಲ್ಲಿ ಅವರ ತವರಿನವರೂ ಪರಿಹಾರ ಕೇಂದ್ರದಲ್ಲಿದ್ದವರು. ಜನವರಿ 26 ಎಂದು ತೀರ್ಮಾನವಾಯಿತು. ಎರಡು ವಾಕ್ಯದ ಪದ್ಧತಿಗೆ ಮೊದಲು "ಸಮಯ ಸಾಲದು" ಎಂದರು. ನಾನು ವಾಚ್ ಇಟ್ಟುಕೊಂಡು ಓದಿ ತೋರಿಸಿದೆ, ಒಂದು ಮಗುವಿಗೆ ಹದಿನೈದು ಸೆಕೆಂಡು. ಸ್ವಾಗತ ಭಾಷಣ ಒಂದನ್ನು ಅರ್ಧ ಮಾಡಿದರೆ ಮೂವತ್ತು ಮಕ್ಕಳು ಬರುತ್ತಾರೆ.

ಅಮ್ಮತ್ತಿಯ ಅಣ್ಣಾ, ನೀವು ಹೇಳಿದ್ದನ್ನೂ ಇಟ್ಟೆವು. ಶಾಲೆಗೆ ಮೊದಲು ಬಂದ ಮಗುವನ್ನು ಒಂಟಿಯಾಗಿಯೇ ಕರೆಯುವುದು, ದತ್ತಿ ಬಹುಮಾನ ಬರೆದಿಟ್ಟ ಹಾಗೆಯೇ ಕೊಡುವುದು. ಲೆಕ್ಕದ ಪುಸ್ತಕ ತೆಗೆದಾಗ 1987ರಲ್ಲಿ ಒಂದು ಮನೆಯವರು ಇಟ್ಟ ಸಾವಿರ ರೂಪಾಯಿಯ ದತ್ತಿ ಸಿಕ್ಕಿತು. ಅದರ ಬಡ್ಡಿ ಈಗ ಒಂದು ಒಳ್ಳೆಯ ಪೆನ್ನಿಗೂ ಸಾಲದು. ಆ ಮನೆಯ ಈಗಿನ ಯಜಮಾನರ ಹತ್ತಿರ ಹೋಗಿ ಹೇಳಿದಾಗ ಅವರು ಮೊತ್ತ ಹೆಚ್ಚಿಸುತ್ತೇವೆ ಎಂದರು. ಅವರ ಅಜ್ಜಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರಂತೆ. "ಅಜ್ಜಿಯ ಹೆಸರಲ್ಲಿ ಇನ್ನೊಂದು ಇಡೋಣ, ತನ್ನ ಮನೆಯಲ್ಲೋ ಹಾಡಿಯಲ್ಲೋ ಮೊದಲು ಹತ್ತನೇ ಕ್ಲಾಸು ಮುಗಿಸಿದ ಮಗುವಿಗೆ" ಎಂದು ಅವರೇ ಹೇಳಿದರು. ನಾನು ಕೇಳಲೂ ಇರಲಿಲ್ಲ.

ಪಿಟಿ ಮೇಷ್ಟ್ರೇ, ನಮ್ಮ ಖೋ ಖೋ ತಂಡದ ಹನ್ನೆರಡೂ ಜನ ವೇದಿಕೆಗೆ ಬರುತ್ತಾರೆ. ಸುಂಟಿಕೊಪ್ಪದ ಅಣ್ಣನ ಮಾತಿನಂತೆ ಮೂರು ತೋಟಗಳ ರೈಟರುಗಳ ಹತ್ತಿರ ಮಾತಾಡಿದ್ದೇವೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಇನ್ನೂ ಹೇಳಿಲ್ಲ.

ಮೊನ್ನೆ ಶನಿವಾರ ಮಧ್ಯಾಹ್ನ ಕ್ಲಾಸ್ ಟೀಚರ ಜೊತೆ ಹಾಡಿಗೆ ಹೋಗಿದ್ದೆ. ಆ ಹುಡುಗಿ ಈಗ ಪಿಯುಸಿ ಎರಡನೇ ವರ್ಷ. ಮನೆಯ ಮುಂದೆ ತಮ್ಮನಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ತಾಯಿ ಕೆಲಸದಿಂದ ಬಂದಿರಲಿಲ್ಲ, ಕಾದೆವು. ಅವರು ಬಂದು ಸೊಂಟಕ್ಕೆ ಕಟ್ಟಿದ್ದ ಚೀಲ ಬಿಚ್ಚಿಟ್ಟು, ಕೈ ತೊಳೆದು, ಕಪ್ಪು ಕಾಫಿ ಬೆಲ್ಲ ಹಾಕಿ ಕೊಟ್ಟರು. ಹೋದ ವರ್ಷ ಆದದ್ದಕ್ಕೆ ಕ್ಷಮೆ ಕೇಳಿದೆ. ಅವರು ಏನೂ ಹೇಳಲಿಲ್ಲ, ಲೋಟ ನನ್ನ ಕಡೆ ಇನ್ನಷ್ಟು ಸರಿಸಿದರು.

ನಾವು ಬರೆದಿದ್ದ ಎರಡು ವಾಕ್ಯವನ್ನು ಹುಡುಗಿಗೆ ತೋರಿಸಿದೆವು. "ಎರಡೂವರೆ ಕಿಲೋಮೀಟರ್ ನಡೆದು ಬರುತ್ತಿದ್ದ ಇವಳು ಹತ್ತನೇ ಕ್ಲಾಸಿನಲ್ಲಿ ತಪ್ಪಿಸಿದ್ದು ಒಂಬತ್ತು ದಿನ ಮಾತ್ರ. ಮೊದಲ ಸಲ ಕೈತಪ್ಪಿದ ಗಣಿತವನ್ನು ಪರೀಕ್ಷೆ-2ರಲ್ಲಿ ಗೆದ್ದು ತನ್ನ ಹಾಡಿಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಮೊದಲ ಹುಡುಗಿಯಾದಳು." ಅವಳು ನಿಧಾನವಾಗಿ ಎರಡು ಸಲ ಓದಿದಳು. ಗಣಿತದ ಮಾತು ತೆಗೆಯಬೇಕಾ ಎಂದು ಟೀಚರು ಕೇಳಿದರು. "ಬೇಡ ಮಿಸ್, ಅದು ಇರಲಿ" ಎಂದಳು. ಮತ್ತೆ ಬೆರಳಿಟ್ಟು ತೋರಿಸಿದಳು. "ಒಂಬತ್ತಲ್ಲ ಮಿಸ್, ಎಂಟು. ಜುಲೈನಲ್ಲಿ ಒಂದು ದಿನ ಮಳೆಗೆ ಮರ ಬಿದ್ದು ಬಸ್ಸು ಬಂದಿರಲಿಲ್ಲ. ನಡೆದುಕೊಂಡೇ ಬಂದಿದ್ದೆ. ಹಾಜರಿ ಕರೆದಾಗಿತ್ತು."

ಟೀಚರು ಅಲ್ಲೇ ಪೆನ್ನು ತೆಗೆದು ಎಂಟು ಎಂದು ತಿದ್ದಿದರು.